ಹಾವಿನ ವಿಷಕ್ಕ ಗುಳಿಗಿ ಬಂತೇನ್ರಿ ಮೇಡಂ?

ಹೋದ ತಿಂಗಳ ಅಂಕಣದಾಗ ಹೊಸ ಔಷಧ ಹುಡುಕೋ ಕೆಲಸ ಹೆಂಗ ನಡೀತದ ಅಂತ ಬರೀವಾಗ ಹಾವಿನ ವಿಷದ ಸಂಶೋಧನೆ ಬಗ್ಗೆ ಎರಡೇ ಸಾಲು ಬರ್ದಿದ್ದೆ, ಎಲ್ರೂ ಆ ಎರಡು ಸಾಲು ಹಿಡ್ಕೊಂಡೇ ಕೇಳ್ಯಾರ. ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಸಿಂಧನೂರು, ಕಾರಟಗಿ, ಗಂಗಾವತಿ, ಮಾನ್ವಿ, ಸಿರುಗುಪ್ಪ ಕಡಿಂದನೇ ಜಾಸ್ತಿ, ತುಂಗಭದ್ರಾ ಕಾಲುವಿ ನೀರು ಹರಿಯೋ ಊರುಗಳು ಇವು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು, ನಡುವ ಬರಿಗಾಲಿನ ಆಳು. ನಾ ಈಗ ಬಳ್ಳಾರಿಯೊಳಗ ಫಾರ್ಮಸಿ ಹುಡುಗ್ರಿಗೆ ಪಾಠ ಹೇಳ್ತೀನಿ, ಆದ್ರ ತವರು ಸಿಂಧನೂರು ತಾಲೂಕು, ನಮ್ಮ ಮನ್ಯಾಗೂ ಒಂದು ಜೀವ ಹಿಂಗೇ ಹೋಗ್ಯದ, ಅದನ್ನ ಕೊನೀ ಪ್ರಶ್ನೆಗೆ ಹೇಳ್ತೀನಿ. ಈ ಸಲದ ಜಾಗ ಪೂರಾ ಹಾವಿಗೇ ಕೊಟ್ಟೀನಿ.

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಮ್ಮ ತಮ್ಮನ ಮಗ ಮೊಬೈಲ್‌ನಾಗ ತೋರಿಸಿದ, ಹಾವು ಕಡಿದ್ರ ನುಂಗೋ ಗುಳಿಗಿ ಬಂದದಂತ, ಇನ್ನ ಇಂಜೆಕ್ಷನ್ ಬ್ಯಾಡಂತ. ನಾಟಿ ಟೈಮಿಗೆ ನಮ್ಮ ಗದ್ಯಾಗ 20 ಆಳು ಇರ್ತಾರ. ಒಂದು ಡಬ್ಬಿ ತಂದು ಮೋಟ್ರ್ ರೂಮಿನಾಗ ಇಟ್ಟುಬಿಡಬೇಕು ಅಂತ ಮಾಡೀನಿ. ಯಾವ ಅಂಗಡ್ಯಾಗ ಸಿಗ್ತದ, ಹೆಸರು ಬರ್ದು ಕಳಸ್ರಿ.
(ಸಿಂಧನೂರು ತಾಲೂಕಿನ ಕ್ಯಾಂಪೊಂದರ ರೈತರು)

ಉತ್ತರ: ಅಣ್ಣಾರ, ಮೊದಲ ಮಾತು ಮೊದಲ ಹೇಳಿಬಿಡ್ತೀನಿ, ಆ ಗುಳಿಗಿ ಯಾವ ಅಂಗಡ್ಯಾಗೂ ಸಿಗಂಗಿಲ್ಲ, ಯಾರರ ಹಾವಿನ ಗುಳಿಗಿ ಅಂತ ಮಾರಿದ್ರ ಅದು ಮೋಸ. ಆದ್ರ ಹುಡುಗ ನೋಡಿದ್ದು ಪೂರಾ ಸುಳ್ಳೂ ಅಲ್ಲ. ಅಂಥದೊಂದು ಗುಳಿಗಿ ಖರೇನ ಅದ, ಹೆಸರು ವರೆಸ್ಪ್ಲಾಡಿಬ್, ಇನ್ನೂ ಪರೀಕ್ಷೆ ಹಂತದಾಗ ಅದ.

ಇದರ ಕಥಿ ನಾ ಕ್ಲಾಸಿನಾಗ ಹುಡುಗ್ರಿಗೆ ಪ್ರತೀ ವರ್ಷ ಹೇಳ್ತೀನಿ. ನಮ್ಮ ಮೈಯಾಗ ಫಾಸ್ಫೊಲಿಪೇಸ್ ಎ2 ಅಂತ ಒಂದು ಕಿಣ್ವ ಇರ್ತದ, ಊತ ಉರಿ ಎಲ್ಲಾದ್ರಾಗೂ ಅದರ ಕೈ ಇರ್ತದ. ಅದನ್ನ ತಡದ್ರ ಹೃದಯದ ರಕ್ತನಾಳದ ಉರಿ ಕಡಿಮಿ ಆಗಬಹುದು, ಹಾರ್ಟ್ ಅಟ್ಯಾಕ್ ತಪ್ಪಬಹುದು ಅನ್ನೋ ಲೆಕ್ಕದ ಮ್ಯಾಲ ಈ ಔಷಧಾನ ಹೃದಯದ ರೋಗಿಗಳಿಗೆ ಕೊಟ್ಟು ನೋಡಿದ್ರು, 5,000ಕ್ಕೂ ಹೆಚ್ಚು ಮಂದಿ ಮ್ಯಾಲೆ. 2012ರಾಗ ಆ ಪರೀಕ್ಷೆ ಅರ್ಧಕ್ಕೇ ನಿಲ್ಲಿಸಬೇಕಾಯ್ತು, ಉಪಯೋಗ ಆಗೋದು ಹೋಗ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿನೇ ಕಂಡ್ವು. ಅಲ್ಲಿಗೆ ಔಷಧದ ಕಥಿ ಮುಗೀತು ಅಂತ ಎಲ್ರೂ ಫೈಲು ಮುಚ್ಚಿದ್ರು. ಆದ್ರ ಮ್ಯಾಥ್ಯೂ ಲೂಯಿನ್ ಅಂತ ಅಮೆರಿಕದ ಒಬ್ಬ ಡಾಕ್ಟರು ಬ್ಯಾರೇನ ಹುಡುಕ್ಲಿಕ್ಕತ್ತಿದ್ರು. 2001ರಾಗ ಜೋ ಸ್ಲೊವಿನ್ಸ್ಕಿ ಅನ್ನೋ ಹಾವಿನ ಸಂಶೋಧಕ ಮ್ಯಾನ್ಮಾರ್ ಕಾಡಿನಾಗ ಕಟ್ಟು ಹಾವಿನ ಜಾತಿಯ ಹಾವು ಕಡಿದು ತೀರ್ಕೊಂಡಿದ್ದ, ಸುತ್ತ ಆಸ್ಪತ್ರಿ ಇಲ್ಲ, ಜತಿಗಿದ್ದವರು ಬಾಯಿಂದ ಉಸಿರು ಕೊಟ್ಕೋತ ಕೂತ್ರೂ ಉಳಿಸ್ಕೊಳ್ಳಿಕ್ಕೆ ಆಗ್ಲಿಲ್ಲ. ಆಸ್ಪತ್ರಿ ಮುಟ್ಟೋ ತನಕ ಜೀವ ಹಿಡಿದಿಡೋ, ಕಿಸೇದಾಗ ಇಟ್ಕೊಂಡು ಹೋಗೋ ಔಷಧ ಬೇಕು ಅಂತ ಲೂಯಿನ್ ಹಠ ಹಿಡದ್ರು. ಹಾವಿನ ವಿಷದಾಗೂ ಅದೇ ಮನೆತನದ ಕಿಣ್ವ ಇರ್ತದ, ನಾಗರ, ಕಟ್ಟು ಹಾವು, ಕೊಳಕುಮಂಡಲ ಮೂರರಾಗೂ ಇರ್ತದ. ನಮ್ಮ ಮೈ ಕಿಣ್ವದ ಬೀಗಕ್ಕ ಮಾಡಿದ ಕೀಲಿ ವಿಷದ ಕಿಣ್ವದ ಬೀಗಕ್ಕೂ ಕೂತುಬಿಡ್ತು! 2016ರಾಗ ಆ ವಿಷಯ ಪ್ರಕಟ ಆತು, ಇಲಿಗಳ ಮ್ಯಾಲಿನ ಫಲಿತಾಂಶ ಚಲೋ ಇತ್ತು.

ಆಮ್ಯಾಲ ಮನುಷ್ಯರ ಮ್ಯಾಲೆ ಪರೀಕ್ಷೆ ಆತು, ಅಮೆರಿಕ ಮತ್ತ ನಮ್ಮ ಭಾರತ ಎರಡೂ ಕಡಿ, ಹಾವು ಕಡಿದ 95 ರೋಗಿಗಳಿಗೆ. ಅರ್ಧ ಮಂದಿಗೆ ಗುಳಿಗಿ, ಅರ್ಧ ಮಂದಿಗೆ ಔಷಧ ಇಲ್ಲದ ಖಾಲಿ ಗುಳಿಗಿ, ಎಲ್ರಿಗೂ ಮಾಮೂಲಿ ಇಂಜೆಕ್ಷನ್ ಚಿಕಿತ್ಸೆ ಇದ್ದೇ ಇತ್ತು. ಇದನ್ನ ಎರಡು ಸಲ ಓದ್ರಿ ಅಣ್ಣಾರ, ಇಂಜೆಕ್ಷನ್ ಬದಲಿ ಗುಳಿಗಿ ಅಲ್ಲ, ಇಂಜೆಕ್ಷನ್ ಜತಿಗೆ ಗುಳಿಗಿ. 2024ರಾಗ ಫಲಿತಾಂಶ ಹೊರಗ ಬಂತು. ಒಟ್ಟಾರೆ ನೋಡಿದ್ರ ಗುಳಿಗಿ ತಗೊಂಡವ್ರಿಗೂ ತಗೊಳ್ಳದವ್ರಿಗೂ ಗಟ್ಟಿ ಅನ್ನೋವಂಥ ವ್ಯತ್ಯಾಸ ಕಾಣ್ಲಿಲ್ಲ. ಆದ್ರ ಕಡಿದ 5 ತಾಸಿನೊಳಗ ತಗೊಂಡವ್ರಾಗ ಉಪಯೋಗದ ಸುಳಿವು ಕಂಡದ. ಸುಳಿವು ಅಂದ್ರ ಸುಳಿವು, ಪುರಾವೆ ಅಲ್ಲ, ಅದಕ್ಕ ಇನ್ನೂ ದೊಡ್ಡ ಪರೀಕ್ಷೆ ಆಗಬೇಕು.

ನನಗ ಈ ಗುಳಿಗಿ ಮ್ಯಾಲ ಯಾಕಿಷ್ಟು ಆಸೆ ಅಂದ್ರ, ನಮ್ಮ ಕಡಿ ಜೀವ ಹೋಗೋದು ಬಹಳ ಸಲ ಗದ್ದಿಗೂ ಆಸ್ಪತ್ರಿಗೂ ನಡುವಿನ ದಾರ್ಯಾಗ. ಆ ದಾರಿಗೆ ಇವತ್ತು ನಮ್ಮ ಕೈಯಾಗ ಯಾವ ಔಷಧಾನೂ ಇಲ್ಲ. ಅದು ಬರೋ ತನಕ ಮೋಟ್ರ್ ರೂಮಿನಾಗ ಏನು ಇಡಬೇಕು ಅಂತ ಕೇಳಿದ್ರ, ಚಲೋ ಬ್ಯಾಟ್ರಿ ಇಡ್ರಿ, ಆಳುಗಳಿಗೆ ಮೊಣಕಾಲ ತನಕ ಬರೋ ಗಮ್ ಬೂಟು ಕೊಡಸ್ರಿ, ಕಾಲು ಅಲುಗಾಡದಂಗ ಕಟ್ಟಲಿಕ್ಕೆ ಎರಡು ಉದ್ದನ್ನ ಪಟ್ಟಿ ಕಟಗಿ ಮತ್ತ ಹಳೀ ಸೀರಿ ತುಂಡು ಇಡ್ರಿ, ಯಾರ ಗಾಡಿ ಯಾವಾಗ್ಲೂ ತಯಾರ ಇರ್ತದ ಅನ್ನೋದು ಮೊದಲೇ ಮಾತಾಡಿಕೊಂಡಿರ್ರಿ. ಕಡಿದ್ರ ಬಳಿ, ಉಂಗುರ, ಕಾಲುಂಗುರ ತಗೀರಿ, ಆಸರಿಗೆ ಕಟಗಿ ಕೊಟ್ಟು ಕಾಲು ಅಲುಗಾಡದಂಗ ಮಾಡ್ರಿ, ನಡಸಬ್ಯಾಡ್ರಿ, ಹೊತ್ಕೊಂಡು ಹೋಗ್ರಿ. ಹಗ್ಗ ಬಿಗಿಯೋದು, ಬ್ಲೇಡ್ ಹಾಕೋದು, ಬಾಯಿಲೆ ಹೀರೋದು ಯಾವುದೂ ಬ್ಯಾಡ. 108ಕ್ಕ ಫೋನ್ ಮಾಡ್ರಿ, ಅದು ಬರೋದು ತಡ ಅನ್ನಿಸಿದ್ರ ಬೈಕಿನ ಮ್ಯಾಲ ರೋಗೀನ ನಡುವ ಕೂರ್ಸಿಕೊಂಡು ಇಬ್ರು ಹೋಗ್ರಿ.

ಪ್ರಶ್ನೆ: ನಂದು ಗಂಗಾವತಿ ಕಡಿ ಮೆಡಿಕಲ್ ಶಾಪ್ ಅದ ಮೇಡಂ. ಹೆಪಾರಿನ್ ಹಾವಿನ ವಿಷಕ್ಕ ಕೆಲಸ ಮಾಡ್ತದ ಅಂತ ಸುದ್ದಿ ಓದ್ದೆ. ಅದು ನಮ್ಮಲ್ಲಿ ಸ್ಟಾಕ್ ಇರ್ತದ, ಎಮರ್ಜೆನ್ಸಿಗೆ ಕೊಡಬಹುದಾ?

ಉತ್ತರ: ಬ್ಯಾಡ, ಯಾವ ಕಾರಣಕ್ಕೂ ಕೊಡಬ್ಯಾಡ್ರಿ. ನಿಮ್ಮ ಪ್ರಶ್ನೆ ಓದಿದ ಕೂಡ್ಲೇ ಇದನ್ನ ಅಂಕಣದಾಗ ಹಾಕ್ಲೇಬೇಕು ಅನ್ನಿಸ್ತು, ಯಾಕಂದ್ರ ಅರ್ಧ ಸುದ್ದಿ ಓದಿ ಯಾರರ ಪ್ರಯೋಗ ಮಾಡಿದ್ರ ಜೀವ ಹೋಗ್ತದ.

ಹೆಪಾರಿನ್ ಅಂದ್ರ ರಕ್ತ ತೆಳು ಮಾಡೋ ಔಷಧ. 2024ರಾಗ ಬಂದ ಆ ಸಂಶೋಧನೆ ಆಫ್ರಿಕಾದ ಉಗುಳೋ ನಾಗರದ ಬಗ್ಗೆ. ಆ ಹಾವು ಕಡಿದ್ರ ಕಡಿದ ಜಾಗದ ಚರ್ಮ ಮಾಂಸ ಕೊಳತು ಹೋಗ್ತದ. ವಿಷ ನಮ್ಮ ಜೀವಕೋಶಕ್ಕ ಅಂಟಿಕೊಳ್ಳಲಿಕ್ಕೆ ಹೆಪಾರಾನ್ ಅನ್ನೋ ಸಕ್ಕರಿ ಜಾತಿಯ ಒಂದು ಪದಾರ್ಥಾನ ಹಿಡ್ಕೊಂತದ, ಹೆಪಾರಿನ್ ನೋಡ್ಲಿಕ್ಕೆ ಅದರಂಗೇ ಇರೋದ್ರಿಂದ ಮೋಸಕ್ಕ ಬಿದ್ದು ವಿಷ ಹೋಗಿ ಅದಕ್ಕ ಅಂಟ್ಕೊಂಡುಬಿಡ್ತದ, ಇಲಿಗಳಲ್ಲಿ ಗಾಯ ಕಡಿಮಿ ಆತು. ಸುಂದರ ಕೆಲಸ, ನಾನೂ ಓದಿ ಖುಷಿ ಪಟ್ಟೀನಿ. ಆದ್ರ ನಮ್ಮ ಗಂಗಾವತಿ ಗದ್ಯಾಗ ಕಡಿಯೋದು ಕೊಳಕುಮಂಡಲ. ಅದು ಕಡಿದವನ ರಕ್ತ ಹೆಪ್ಪುಗಟ್ಟೋದನ್ನೇ ಬಿಟ್ಟಿರ್ತದ, ವಸಡಿನಿಂದ, ಮೂತ್ರದಾಗ, ಹಳೀ ಗಾಯದಿಂದ ರಕ್ತ ಬರ್ಲಿಕ್ಕತ್ತಿರ್ತದ. ಆಸ್ಪತ್ರ್ಯಾಗ ಡಾಕ್ಟರು 2 ಎಂಎಲ್ ರಕ್ತ ಒಣ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದಂಗ ಇಟ್ಟು ಆಮ್ಯಾಲ ಬಗ್ಗಿಸಿ ನೋಡ್ತಾರಲ್ಲ, ಅದು ಇದಕ್ಕೇ, ನೀರಿನಂಗ ಹರದ್ರ ಮಂಡಲದ ವಿಷ ಏರ್ಯದ ಅಂತ ಅರ್ಥ. ಅಂಥವನಿಗೆ ರಕ್ತ ತೆಳು ಮಾಡೋ ಹೆಪಾರಿನ್ ಕೊಟ್ರ ಏನಾಗ್ತದ ನೀವೇ ಫಾರ್ಮಸಿ ಓದ್ದವರು, ಯೋಚನೆ ಮಾಡ್ರಿ. ನಿಮ್ಮ ಅಂಗಡಿಗೆ ಹಾವು ಕಡಿದವ್ರು ಬಂದ್ರ ನೋವಿಗೆ ಡೈಕ್ಲೊಫಿನಾಕ್, ಆಸ್ಪಿರಿನ್ ಸೈತ ಕೊಡಬ್ಯಾಡ್ರಿ, ಅವೂ ರಕ್ತಸ್ರಾವ ಹೆಚ್ಚು ಮಾಡ್ತಾವು. ಆಸ್ಪತ್ರಿ ದಾರಿ ತೋರ್ಸಿ, ಆಟೋ ಹತ್ತಸ್ರಿ.

ಪ್ರಶ್ನೆ: ಮ್ಯಾಮ್, ನಾನು ಬಳ್ಳಾರ್ಯಾಗ ಬಿ.ಫಾರ್ಮ್ ಮೂರನೇ ವರ್ಷ. ಇನ್ನೂ ಕುದುರೆ ರಕ್ತದಿಂದ ಆ್ಯಂಟಿವೆನಮ್ (ಹಾವಿನ ವಿಷಕ್ಕ ಕೊಡೋ ಇಂಜೆಕ್ಷನ್) ಮಾಡ್ತಾರಲ್ಲ, ಎಐ ಕಾಲದಾಗ ಇದು ಯಾಕೆ ಬದಲಾಗಿಲ್ಲ? ಕಂಪ್ಯೂಟರ್‌ನಲ್ಲೇ ಔಷಧ ಡಿಸೈನ್ ಮಾಡ್ಯಾರಂತ ಕೇಳಿದ್ದೆ, ಅದು ಹೆಂಗ ಸಾಧ್ಯ ಆತು?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕ ಖುಷಿ ಆತು ನೋಡು, ಸ್ವಲ್ಪ ಉದ್ದ ಆಗ್ತದ, ತಾಳ್ಮಿಯಿಂದ ಓದು.

1890ರ ದಶಕದಾಗ ಆಲ್ಬರ್ಟ್ ಕಾಲ್ಮೆಟ್ ಅನ್ನೋ ಫ್ರೆಂಚ್ ವಿಜ್ಞಾನಿ ಹಾದಿ ಹಾಕಿಕೊಟ್ಟ, ಇವತ್ತಿಗೂ ಬುನಾದಿ ಅದೇ. ಕುದುರಿಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚೋದು, ಅದರ ಮೈ ಪ್ರತಿಕಾಯ, ಅಂದ್ರ ವಿಷಾನ ಹಿಡಿದು ನಿಲ್ಲಿಸೋ ಪ್ರೋಟೀನ್, ಮಾಡ್ಕೊಂತದ, ರಕ್ತ ತಗದು ಪ್ರತಿಕಾಯ ಬ್ಯಾರೆ ಮಾಡಿ, ಪೆಪ್ಸಿನ್ ಅನ್ನೋ ಕಿಣ್ವ ಹಾಕಿ ಕತ್ತರಿಸಿ, ಬ್ಯಾಡಾದ ಬಾಲ ತಗದು, ಒಣಗಿಸಿ ಪುಡಿ ಮಾಡಿ ಬಾಟ್ಲಿಗೆ ತುಂಬೋದು. ಪುಡಿ ಆಗಿರೋದ್ರಿಂದಲೇ ಫ್ರಿಜ್ ಸರಿ ಇಲ್ಲದ ಪಿಎಚ್‌ಸಿಯೊಳಗೂ ಉಳೀತದ, ಇದು ಸಣ್ಣ ಮಾತಲ್ಲ. ವಿಷ ಬರೋದು ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ, 1978ರಾಗ ಶುರುವಾದದ್ದು, ಹಾವು ಹಿಡಿದು ವಿಷ ತಗದು ಮತ್ತ ಕಾಡಿಗೆ ಬಿಡ್ತಾರ. ಆ ಜನರ ಕೈಚಳಕ ಇಲ್ಲದಿದ್ರ ಸಿಂಧನೂರಿನ ಆಸ್ಪತ್ರ್ಯಾಗ ಇಂಜೆಕ್ಷನ್ ಇರ್ತಿರಲಿಲ್ಲ, ಇದನ್ನ ಮರೀಬ್ಯಾಡ.

ಹಂಗಾದ್ರ ಕೊರತೆ ಏನು? ಒಂದು, ಬಾಟ್ಲ್ಯಾಗ ಇರೋ ಪ್ರತಿಕಾಯದಾಗ ಬಹಳಷ್ಟು ವಿಷಕ್ಕ ಸಂಬಂಧನೇ ಇಲ್ಲದ್ದು, ಕುದುರಿ ತನ್ನ ಜೀವನದಾಗ ಕಂಡ ಎಲ್ಲಾ ರೋಗಾಣುಗಳ ವಿರುದ್ಧ ಮಾಡ್ಕೊಂಡದ್ದೂ ಅದರಾಗ ಸೇರಿರ್ತದ, ಹಂಗಾಗಿನೇ ಮೊದಲ ಡೋಸಿಗೇ 8ರಿಂದ 10 ಬಾಟ್ಲಿ ಬೇಕಾಗ್ತದ. ಎರಡು, ಕುದುರಿ ಪ್ರೋಟೀನು ನಮ್ಮ ಮೈಗೆ ಪರಕೀಯ, ಕೆಲವರಿಗೆ ಜೋರು ಅಲರ್ಜಿ ಆಗ್ತದ, ಅದಕ್ಕ ಪಕ್ಕದಾಗ ಅಡ್ರಿನಾಲಿನ್ ಇಟ್ಕೊಂಡೇ ಕೊಡ್ತಾರ. ಮೂರನೇದು ನನಗ ಎಲ್ಲಕ್ಕಿಂತ ಚಿಂತಿ ಹಚ್ಚಿದ್ದು. ನಮ್ಮ ಆ್ಯಂಟಿವೆನಮ್ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕ ಮಾಡಿದ್ದು, ಅದೂ ಹೆಚ್ಚಾಗಿ ಒಂದೇ ಕಡಿಂದ ತಂದ ವಿಷದ ಮ್ಯಾಲ. ಹಾವಿನ ವಿಷ ಊರಿಂದ ಊರಿಗೆ ಬದಲಾಗ್ತದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಒಳಗ ಕಾರ್ತಿಕ್ ಸುನಗಾರ್ ಅವರ ತಂಡ ದೇಶದ ತುಂಬ ತಿರುಗಿ ಇದನ್ನೇ ಅಳೀಲಿಕ್ಕತ್ಯದ. 2025ರಾಗ ಅವರು 34 ಕಡಿಂದ 115 ಕೊಳಕುಮಂಡಲದ ವಿಷ ಹೋಲಿಸಿ ನೋಡಿದ್ದು ಬಂತು, ಒಣ ಪ್ರದೇಶದ ಹಾವಿನ ವಿಷದಾಗ ಪ್ರೋಟೀನ್ ಕತ್ತರಿಸೋ ಕಿಣ್ವದ ಜೋರು ಹೆಚ್ಚು ಅಂತ ಕಂಡುಕೊಂಡಾರ. ರಾಯಚೂರು ಬಳ್ಳಾರಿ ಬಿಸಲಾಗ ಕೂತು ಇದನ್ನ ಓದಿದ್ರ ಬ್ಯಾರೇನ ಅನ್ನಿಸ್ತದ, ಅಲ್ಲ?

ಈಗ ನಿನ್ನ ಎಐ ಪ್ರಶ್ನೆಗೆ ಬರ್ತೀನಿ. ಹೊಸ ದಾರಿ ಎರಡು ಅವ, ಗೊಂದಲ ಮಾಡ್ಕೋಬ್ಯಾಡ. ಮೊದಲನೇದು ಮನುಷ್ಯರ ಪ್ರತಿಕಾಯನೇ ಪ್ರಯೋಗಶಾಲೆಯಲ್ಲಿ ಹುಡುಕೋದು. ನಾಗರ ಮತ್ತ ಕಟ್ಟು ಹಾವಿನ ಸಂಬಂಧಿಕರ ವಿಷದಾಗ ಮೂರು ಬೆರಳಿನಂಗ ಚಾಚಿರೋ ಸಣ್ಣ ಪ್ರೋಟೀನ್ ಇರ್ತದ, ಸ್ನಾಯು ಮ್ಯಾಲೆ ನರದ ಹುಕುಂ ಹಿಡಿಯೋ ಅಸಿಟೈಲ್ ಕೋಲಿನ್ ಗ್ರಾಹಕ ಅನ್ನೋ ಬಾಗಲಿನ ಮ್ಯಾಲ ಹೋಗಿ ಕೂತುಬಿಡ್ತದ, ನರದ ಹುಕುಂ ಸ್ನಾಯುಗೆ ಮುಟ್ಟಂಗಿಲ್ಲ, ಉಸಿರು ನಿಲ್ತದ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಮತ್ತ ಐಐಎಸ್‌ಸಿಯವರು ಕೂಡಿ ಸುಮಾರು 5,000 ಕೋಟಿ ಕೃತಕ ಪ್ರತಿಕಾಯಗಳ ರಾಶಿಯೊಳಗ ಸೋಸಿ ಸೋಸಿ ಒಂದನ್ನ ಹಿಡದ್ರು, 95ಮ್ಯಾಟ್5 ಅಂತ ಹೆಸರು. 2024ರ ಫೆಬ್ರುವರಿಯಾಗ ಪ್ರಕಟ ಆತು. ಅದರ ವಿಶೇಷ ಏನಂದ್ರ ಅದು ನಮ್ಮ ಗ್ರಾಹಕದ ಆಕಾರ ತಾಳಿ ವಿಷಾನ ತನ್ನ ಕಡಿ ಎಳಕೊಂತದ, ಹಂಗಾಗಿ ಏಷ್ಯಾದ ನಾಗರ, ಕಟ್ಟು ಹಾವಿನ ಜಾತಿ, ಆಫ್ರಿಕಾದ ಬ್ಲ್ಯಾಕ್ ಮಾಂಬಾ ಎಲ್ಲಾದಕ್ಕೂ ಒಂದೇ ಪ್ರತಿಕಾಯ ಇಲಿಗಳಲ್ಲಿ ಕೆಲಸ ಮಾಡ್ತು. ಮಂಡಲದ ಹಾವಿಗೆ ಮಾತ್ರ ಇದು ನಡೆಯಂಗಿಲ್ಲ, ಅದರ ವಿಷದ ಜಾತಿನೇ ಬ್ಯಾರೆ.

ಎರಡನೇದು ನೀ ಕೇಳಿದ್ದು, ಪ್ರಕೃತಿಯಾಗ ಇಲ್ಲದ ಪ್ರೋಟೀನನ್ನ ಹೊಸದಾಗಿ ಬರಿಯೋದು. 2024ರ ರಸಾಯನಶಾಸ್ತ್ರದ ನೊಬೆಲ್ ಬಂತಲ್ಲ ಡೇವಿಡ್ ಬೇಕರ್‌ಗೆ, ಅವರ ತಂಡದ ಸುಸಾನಾ ವಾಸ್ಕೆಸ್ ಟೋರೆಸ್ ಮತ್ತ ಡೆನ್ಮಾರ್ಕ್‌ನ ಸಂಗಡಿಗರು ಕೂಡಿ 2025ರ ಜನವರಿಯಾಗ ಇದನ್ನ ತೋರಿಸಿದ್ರು. ಹೆಂಗಂದ್ರ, ಮಂಜು ಮಂಜಾದ ಗೊಂದಲದ ಚಿತ್ರದಿಂದ ಶುರು ಮಾಡಿ ಹೆಜ್ಜಿ ಹೆಜ್ಜಿಗೂ ಗೊಂದಲ ತಗದು ಸ್ವಚ್ಛ ಚಿತ್ರ ಮಾಡೋ ಎಐ ಗೊತ್ತಲ್ಲ, ಆರ್‌ಎಫ್‌ಡಿಫ್ಯೂಷನ್ ಅನ್ನೋ ಅವರ ಸಾಧನ ಅದನ್ನೇ ಪ್ರೋಟೀನಿನ ಆಕಾರದ ಮ್ಯಾಲ ಮಾಡ್ತದ. ವಿಷದ ಬೆರಳಿನ ಆಕಾರ ಕೊಟ್ಟು ಇದಕ್ಕ ಹೊಂದೋ ಆಕಾರ ತಗಿ ಅಂದ್ರ ತಗೀತದ, ಆಮ್ಯಾಲ ಆ ಆಕಾರ ಬರಬೇಕಾದ್ರ ಅಮೈನೊ ಆಮ್ಲ ಯಾವ ಸಾಲಿನಾಗ ಇರಬೇಕು ಅಂತ ಇನ್ನೊಂದು ಪ್ರೋಗ್ರಾಮ್ ಬರೀತದ, ಆ ಸಾಲು ಖರೇನ ಅದೇ ಆಕಾರ ತಗೊಂತದೋ ಇಲ್ಲೋ ಅಂತ ಅಲ್ಫಾಫೋಲ್ಡ್ ಅನ್ನೋ ಇನ್ನೊಂದು ಎಐ ಪರೀಕ್ಷೆ ಮಾಡಿ ನೋಡ್ತದ. ಅಷ್ಟಾದ ಮ್ಯಾಲನೇ ಪ್ರಯೋಗಶಾಲೆಗೆ ಹೋಗೋದು, ಬ್ಯಾಕ್ಟೀರಿಯಾದಾಗ ಆ ಪ್ರೋಟೀನ್ ಬೆಳಸೋದು. ಹತ್ತಾರು ಡಿಸೈನ್ ಪರೀಕ್ಷೆ ಮಾಡಿದ್ರಾಗ ಕೆಲವು ಗಟ್ಟಿಯಾಗಿ ವಿಷ ಹಿಡದ್ವು, ಇಲಿಗಳಲ್ಲಿ ಡೋಸಿನ ಮ್ಯಾಲ 80ರಿಂದ 100 ಪರ್ಸೆಂಟ್ ತನಕ ಬದುಕಿದ್ವು. ಸಣ್ಣ ಪ್ರೋಟೀನು, ಬಿಸಿಗೂ ಕೆಡಂಗಿಲ್ಲ, ಕುದುರಿ ಬ್ಯಾಡ. 45 ಡಿಗ್ರಿ ಬಿಸಲಿನ ಊರಿಗೆ ಇಂಥದೇ ಬೇಕು.

ಆದ್ರ ಅದು ತಡದದ್ದು ಒಂದು ಜಾತಿಯ ವಿಷಕಣ ಮಾತ್ರ. ಒಂದು ಹಾವಿನ ವಿಷದಾಗ ಹತ್ತಾರು ಬಗೀ ಪ್ರೋಟೀನ್ ಕೂಡಿರ್ತಾವು, ಒಂದಕ್ಕ ಔಷಧ ಸಿಕ್ರ ಸಾಲಂಗಿಲ್ಲ, ನಾಲ್ಕೈದು ಕೂಡಿಸಿ ಕೊಡಬೇಕು. 2025ರ ಅಕ್ಟೋಬರಿನಾಗ ಡೆನ್ಮಾರ್ಕಿನವರು ಹಂಗೇ ಮಾಡಿ ತೋರ್ಸಿದ್ರು, ಲಾಮಾ ಅಲ್ಪಾಕಾ ಪ್ರಾಣಿಗಳಿಂದ ಸಿಗೋ ಪುಟಾಣಿ ಪ್ರತಿಕಾಯ 8 ಕೂಡಿಸಿ ಆಫ್ರಿಕಾದ 18 ಹಾವಿನಾಗ 17ರ ವಿಷ ಇಲಿಗಳಲ್ಲಿ ತಡದ್ರು. ಆಫ್ರಿಕಾದ ಹಾವಿಗೆ! ನಮ್ಮ ಹಾವಿಗೆ ನಮ್ಮವರೇ ಮಾಡಬೇಕು. 2000ದಿಂದ 2019ರ ತನಕ ಈ ದೇಶದಾಗ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಲೆಕ್ಕ ಹಾಕ್ಯಾರ, ವರ್ಷಕ್ಕ 58,000. ಇಷ್ಟು ಜನ ಪ್ಯಾಟ್ಯಾಗ ಸತ್ತಿದ್ರ ಯಾವಾಗೋ ಔಷಧ ಬಂದಿರ್ತಿತ್ತು ಅನ್ನೋದು ನನ್ನ ಖಚಿತ ಅಭಿಪ್ರಾಯ. ಹಾವು ಕಡಿಸ್ಕೊಳ್ಳೋದು ಕೂಲಿ ಮಾಡೋರು, ರೈತರು, ಮಕ್ಕಳು, ಔಷಧ ಕಂಪನಿಗೆ ಅವರ ಕಿಸೇದಾಗ ಲಾಭ ಕಾಣಂಗಿಲ್ಲ. ನಿನ್ನಂಥ ಹುಡುಗ್ರು ಡಿಗ್ರಿ ಮುಗಿಸಿ ಇಂಥ ಕೆಲಸಕ್ಕ ಹೋಗ್ರಿ ಅಂತ ನಾ ಕೈಮುಗದು ಕೇಳ್ತೀನಿ.

ಪ್ರಶ್ನೆ: ಅಕ್ಕಾರೆ, ನಾನು ಸಂಡೂರು ಕಡೆಯವನು, ಮನಿಗೆ ಬಂದ ಹಾವು ಹಿಡಿದು ಕಾಡಿಗೆ ಬಿಡ್ತೀನಿ. ಅಮೆರಿಕದಾಗ ಒಬ್ಬಾತ ತಾನೇ ವಿಷ ಚುಚ್ಚಿಕೊಂಡು ಅವನ ರಕ್ತದಿಂದ ಔಷಧ ಮಾಡ್ಯಾರಂತಲ್ಲ. ನಾನೂ ಸ್ವಲ್ಪ ಸ್ವಲ್ಪ ರೂಢಿ ಮಾಡ್ಕೊಂಡ್ರ ಕಡಿದ್ರೂ ಏನೂ ಆಗದಂಗ ಆಗ್ತೈತಾ?

ಉತ್ತರ: ತಮ್ಮಾ, ಬ್ಯಾಡ. ಆತನ ಹೆಸರು ಟಿಮ್ ಫ್ರೀಡಿ, ಸುಮಾರು 18 ವರ್ಷ ವಿಷ ಚುಚ್ಚಿಕೊಂಡಾನ, ಹಾವಿನ ಕೈಲೂ ಕಡಿಸ್ಕೊಂಡಾನ. 2001ರಾಗ ಎರಡು ನಾಗರ ಒಂದಾದಮೇಲೊಂದು ಕಡಿದು ಕೋಮಾಕ್ಕ ಹೋಗಿದ್ದ, ಆಸ್ಪತ್ರಿಯ ಚಿಕಿತ್ಸೆಯಿಂದ ಉಳದ. 2025ರ ಮೇ ತಿಂಗಳಾಗ ಅವನ ರಕ್ತದಾಗ ಸಿಕ್ಕ ಎರಡು ಪ್ರತಿಕಾಯಕ್ಕ ನಾ ಮ್ಯಾಲ ಹೇಳಿದ ವರೆಸ್ಪ್ಲಾಡಿಬ್ ಕೂಡಿಸಿ ಇಲಿಗಳ ಮ್ಯಾಲ ನೋಡಿದ್ರ, 19 ಹಾವಿನಾಗ 13ರ ವಿಷಕ್ಕ ಪೂರ್ತಿ, ಉಳಿದದ್ದಕ್ಕ ಅರ್ಧಮರ್ಧ ರಕ್ಷಣೆ ಸಿಕ್ಕದ. ಆ 19ರಾಗ ಮಂಡಲದ ಹಾವು ಒಂದೂ ಇಲ್ಲ. ಸಂಡೂರು ಗುಡ್ಡದಾಗ ನಿನಗ ಸಿಗೋದು ಮಂಡಲನೂ ಹೌದು, ಗರಗಸ ಮಂಡಲನೂ ಹೌದು. ಪ್ರತೀ ಸಲ ಚುಚ್ಚಿಕೊಂಡಾಗ ಮೂತ್ರಪಿಂಡ ಕೆಡಬಹುದು, ಬೆರಳು ಕೊಳೀಬಹುದು, ಅಲರ್ಜಿ ಏರಿ ಐದು ನಿಮಿಷದಾಗ ಜೀವ ಹೋಗಬಹುದು. ಅವನ ರಕ್ತ ಈಗಾಗಲೇ ಪ್ರಯೋಗಶಾಲೆ ಸೇರ್ಯದ, ಇನ್ನೊಬ್ರು ಮಾಡೋ ಅಗತ್ಯ ಇಲ್ಲ ಅಂತ ಆ ವಿಜ್ಞಾನಿಗಳೇ ಹೇಳ್ಯಾರ. ಕೈಲೆ ಹಿಡಿಯೋದು ಬಿಡು, ಉದ್ದ ಕೊಕ್ಕೆ ಮತ್ತ ಚೀಲದ ಪೈಪು ಉಪಯೋಗ ಮಾಡು, ಜತಿಗೆ ಒಬ್ಬ ಇರ್ಲಿ, ಫೋಟೋ ಸಲುವಾಗಿ ಕತ್ತು ಹಿಡಿದು ನಿಲ್ಲಬ್ಯಾಡ.

ಪ್ರಶ್ನೆ: ನಾನು ರಾಯಚೂರಿನ ನಿವೃತ್ತ ಶಿಕ್ಷಕ, ಬಿಪಿ ಗುಳಿಗೆ ತಗೊಳ್ತೀನಿ. ಅದು ಹಾವಿನ ವಿಷದಿಂದ ಮಾಡಿದ್ದು ಅಂತ ಯಾರೋ ಹೇಳಿದ್ರು, ಅಂದಿನಿಂದ ನುಂಗಲು ಮನಸ್ಸಾಗ್ತಿಲ್ಲ.

ಉತ್ತರ: ಗುರುಗಳೇ, ದಯವಿಟ್ಟು ಇವತ್ತಿಂದಲೇ ಮತ್ತ ಶುರು ಮಾಡ್ರಿ, ಗುಳಿಗ್ಯಾಗ ವಿಷದ ಒಂದು ಹನಿನೂ ಇಲ್ಲ. ಬ್ರೆಜಿಲ್‌ನ ಜರರಾಕಾ ಅನ್ನೋ ಮಂಡಲದ ಜಾತಿಯ ಹಾವು ಕಡಿದ್ರ ಬಿಪಿ ಒಮ್ಮೆಲೇ ಇಳೀತದ, ಯಾಕ ಇಳೀತದ ಅಂತ ಅಲ್ಲಿನ ಸೆರ್ಜಿಯೊ ಫೆರೇರಾ ಅವರು ಹುಡುಕಿದ್ರು, ಅದರಿಂದ ಸಿಕ್ಕ ತಿಳುವಳಿಕಿ ಮ್ಯಾಲ ರಸಾಯನಶಾಸ್ತ್ರಜ್ಞರು ಕ್ಯಾಪ್ಟೊಪ್ರಿಲ್ ಅಂತ ಗುಳಿಗಿ ಕಾರ್ಖಾನ್ಯಾಗ ತಯಾರು ಮಾಡಿದ್ರು, 1981ರಾಗ ಒಪ್ಪಿಗಿ ಸಿಕ್ತು. ಎನಾಲಾಪ್ರಿಲ್, ರಾಮಿಪ್ರಿಲ್ ಎಲ್ಲಾ ಅದರ ತಮ್ಮಂದಿರು. ಹಾವು ಕೊಟ್ಟಿದ್ದು ಐಡಿಯಾ ಮಾತ್ರ. ನಮ್ಮ ಕಲ್ಲು ಭೂಮ್ಯಾಗ ಸಿಗೋ ಗರಗಸ ಮಂಡಲದ ವಿಷ ನೋಡಿನೇ ಟಿರೋಫಿಬಾನ್ ಅಂತ ಹಾರ್ಟ್ ಅಟ್ಯಾಕ್ ಟೈಮಿನಾಗ ಕೊಡೋ ಇಂಜೆಕ್ಷನ್ ಮಾಡ್ಯಾರ, ಅದೂ ಪೂರಾ ಕೃತಕ.

ಪ್ರಶ್ನೆ: ಮೇಡಂ, ನಾನು ಕುಷ್ಟಗಿ ತಾಲೂಕಿನಾಕಿ. ಎರಡು ತಿಂಗಳ ಹಿಂದ ನಮ್ಮ ಮನಿಯವ್ರು ರಾತ್ರಿ ನೆಲದ ಮ್ಯಾಲ ಮಲಗಿದ್ದಾಗ ಹಾವು ಕಡೀತು, ಕಡಿದದ್ದೇ ಗೊತ್ತಾಗ್ಲಿಲ್ಲ, ಬೆಳಗಿನ ಜಾವ ಹೊಟ್ಟಿ ನೋವು ಅಂದ್ರು, ಆಮ್ಯಾಲ ಕಣ್ಣು ರೆಪ್ಪಿ ಮುಚ್ಚಿಕೊಂಡ್ವು. ಆಸ್ಪತ್ರ್ಯಾಗ 20 ಬಾಟ್ಲಿ ಕೊಟ್ರೂ 9 ದಿನ ಮಷಿನ್ ಮ್ಯಾಲ ಇದ್ರು. ಈಗ ಆರಾಮ ಅದಾರ. ಆದ್ರ ಊರಾಗ ಎಲ್ರೂ ಆ ಔಷಧ ಡುಪ್ಲಿಕೇಟ್ ಇತ್ತು, ಅದಕ್ಕ ಹತ್ಲಿಲ್ಲ ಅಂತಾರ. ಖರೇನಾ?

ಉತ್ತರ: ತಂಗಿ, ಮೊದಲ ನಿಮ್ಮ ಮನಿಯವ್ರು ಉಳದಾರ ಅನ್ನೋದು ಓದಿ ನನಗ ಕಣ್ಣಾಗ ನೀರು ಬಂತು. ನೀವು ಬರ್ದ ಲಕ್ಷಣ ಎಲ್ಲಾ ಕಟ್ಟು ಹಾವಿನವು. ಅದರ ಹಲ್ಲು ಸಣ್ಣ, ನೋವಿಲ್ಲ, ಊತ ಇಲ್ಲ, ಸೊಳ್ಳಿ ಕಡಿದಂಗ. ನಾ ಪಿಯುಸಿ ಇದ್ದಾಗ ನಮ್ಮ ದೊಡ್ಡಪ್ಪನ ಮಗ, ನಾವೆಲ್ಲಾ ಅಣ್ಣ ಅಂತಿದ್ವಿ, ಕಣದಾಗ ಭತ್ತದ ರಾಶಿ ಕಾಯ್ಲಿಕ್ಕೆ ಮಲಗಿದ್ದ. ನಸಿಕಿನ್ಯಾಗ ಹೊಟ್ಟಿ ನೋವು ಅಂತ ಎದ್ದ, ರಾತ್ರಿ ಉಂಡ ಬದ್ನೀಕಾಯಿ ಪಲ್ಯ ಹತ್ಲಿಲ್ಲ ಅಂತ ಅವ್ವ ಜೀರಿಗಿ ನೀರು ಕೊಟ್ಲು. ಹೊತ್ತು ಏರಿದಂಗ ಮಾತು ತೊದಲಿದ್ವು, ಕಣ್ಣು ತಗೀಲಿಕ್ಕೆ ಆಗ್ಲಿಲ್ಲ, ನಿದ್ದಿ ಗಣ್ಣು ಅಂದ್ವಿ, ಆಮ್ಯಾಲ ಮಂತ್ರ ಹಾಕೋರ ಹತ್ರ ಒಯ್ದ್ವಿ. ಅಲ್ಲಿಂದ ಒಂದು ಆಸ್ಪತ್ರಿಗೆ ಹೋದ್ರ ಉಸಿರಾಟದ ಮಷಿನ್ ಇಲ್ಲ ಅಂತ ಮುಂದ ಕಳಿಸಿದ್ರು. ಜೀಪಿನಾಗ, ದಾರ್ಯಾಗ, ದೊಡ್ಡಪ್ಪನ ತೊಡಿ ಮ್ಯಾಲ ಹೋದ. ನಾ ಈ ಓದಿಗೆ ಬಂದಿದ್ದು ಅದಕ್ಕ.

ಓದಿದ ಮ್ಯಾಲ ತಿಳೀತು. ನಾಗರದ ವಿಷ ಸ್ನಾಯು ಬಾಗಲಿನ ಬೀಗದಾಗ ತಪ್ಪು ಕೀಲಿ ತುರುಕಿದಂಗ, ಔಷಧ ಬಂದು ಅದನ್ನ ತಗದ್ರ ಬಾಗಲು ಮತ್ತ ತೆರೀತದ, ನಿಯೋಸ್ಟಿಗ್ಮಿನ್ ಅಂತ ಇನ್ನೊಂದು ಇಂಜೆಕ್ಷನ್ ಕೊಟ್ರೂ ಉಪಯೋಗ ಆಗ್ತದ. ಕಟ್ಟು ಹಾವಿನ ವಿಷದಾಗ ಅದೂ ಇರ್ತದ, ಅದರ ಮ್ಯಾಲ ಇನ್ನೊಂದು ಬಗೀ ವಿಷಾನೂ ಇರ್ತದ, ಅದು ನರದ ತುದೀನ ಕೆಡಸ್ತದ. ಒಮ್ಮೆ ಕೆಟ್ಟ ತುದೀನ ಯಾವ ಆ್ಯಂಟಿವೆನಮ್ಮೂ ರಿಪೇರಿ ಮಾಡಂಗಿಲ್ಲ, ಅದು ರಕ್ತದಾಗ ಇನ್ನೂ ಅಲೆದಾಡೋ ವಿಷಾನಷ್ಟೇ ಹಿಡೀತದ. ನರ ತಾನೇ ಮತ್ತ ಚಿಗುರಬೇಕು, ದಿನಗಳು ಹಿಡೀತಾವು, ಕೆಲವೊಮ್ಮೆ ವಾರಗಳು. ಆ ಹೊತ್ತು ದಾಟಿಸೋದು ಮಷಿನ್ ಮತ್ತ ರಾತ್ರಿ ಹಗಲು ಕಫ ತಗದು ನೋಡ್ಕೊಳ್ಳೋ ನರ್ಸುಗಳು. ಹಂಗಾಗಿ 20 ಬಾಟ್ಲಿ ಕೊಟ್ಟ ಮ್ಯಾಲೂ 9 ದಿನ ಮಷಿನ್ ಮ್ಯಾಲ ಇದ್ದದ್ದಕ್ಕ ಔಷಧ ಡುಪ್ಲಿಕೇಟ್ ಇತ್ತು ಅಂತ ಅರ್ಥ ಆಗಂಗಿಲ್ಲ, ಆ ಹಾವಿನ ಸ್ವಭಾವನೇ ಅದು. ಊರಾಗ ಹೇಳೋರಿಗೆ ಇದನ್ನ ತಿಳಿಸಿ ಹೇಳ್ರಿ, ಯಾಕಂದ್ರ ಔಷಧ ಸುಳ್ಳು ಅಂತ ನಂಬಿದ್ರ ಮುಂದಿನ ಸಲ ಯಾರಿಗರ ಕಡಿದ್ರ ಆಸ್ಪತ್ರಿ ಬಿಟ್ಟು ಮಂತ್ರಕ್ಕ ಹೋಗ್ತಾರ. ವರೆಸ್ಪ್ಲಾಡಿಬ್ ಮ್ಯಾಲ ನಾ ಕಣ್ಣಿಟ್ಟಿರೋದೂ ಇದಕ್ಕೇ, ನರದ ತುದಿ ಕೆಡಸೋದು ಅದೇ ಫಾಸ್ಫೊಲಿಪೇಸ್ ಮನೆತನದ ವಿಷ, ಕೆಡೋಕ್ಕಿಂತ ಮೊದಲ ತಡೀಬೇಕು.

ಕರ್ನಾಟಕದಾಗ 2024ರಿಂದ ಹಾವು ಕಡಿತಾನ ಆಸ್ಪತ್ರಿಯವ್ರು ಸರ್ಕಾರಕ್ಕ ತಿಳಿಸಲೇಬೇಕಾದ ಕಾಯಿಲೆ ಅಂತ ಮಾಡ್ಯಾರ, ನಿಮ್ಮ ಡಿಸ್ಚಾರ್ಜ್ ಕಾರ್ಡು ಜೋಪಾನ ಇಟ್ಕೋರಿ, ಎಷ್ಟು ಬಾಟ್ಲಿ ಕೊಟ್ರು, ಅಲರ್ಜಿ ಆಗಿತ್ತಾ ಇಲ್ಲಾ ಅನ್ನೋದು ಅದರಾಗ ಇರ್ತದ, ಮುಂದ ಯಾವತ್ತರ ಬೇಕಾಗ್ತದ. ಅವ್ರಿಗೆ ಸುಸ್ತು, ದನಿ ಒಡದಂಗ ಇದ್ರ ಒಮ್ಮೆ ಕೊಪ್ಪಳದ ಜಿಲ್ಲಾಸ್ಪತ್ರ್ಯಾಗ ತೋರಸ್ರಿ, ಬಹಳ ದಿನ ಗಂಟಲಾಗ ಪೈಪು ಇದ್ದವ್ರಿಗೆ ಹಂಗ ಆಗ್ತದ. ಮತ್ತ ಇವತ್ತೇ ಒಂದು ಮಂಚ ಇಲ್ಲಾ ಹೊರಸು ನೋಡ್ರಿ. ಮಕ್ಕಳು ನೆಲದ ಮ್ಯಾಲೇ ಮಲಗ್ತಾರ ಅಂದ್ರ ಸೊಳ್ಳಿ ಪರದಿ ಕಟ್ಟಿ ಅಂಚು ನಾಲ್ಕೂ ಕಡಿ ಹಾಸಗಿ ಕೆಳಗ ಸಿಗಿಸ್ರಿ, ಜೋಳದ ಚೀಲ ಮಲಗೋ ಖೋಲಿಯಿಂದ ಹೊರಗ ಇಡ್ರಿ, ಇಲಿ ಬರ್ತಾವು.